ಸರ್ಜಾಪುರ ರಸ್ತೆಯಲ್ಲಿ ನಾವು ಮನೆ ಹುಡುಕಿದ್ದು

ಯುಗಾದಿ ಮುಗಿದ ವಾರ ನಮ್ಮ ಓನರ್ ಬಂದು ಶೀಟ್ ಮನೆಗಳನ್ನೆಲ್ಲ ಖಾಲಿ ಮಾಡಬೇಕು ಅಂದರು. ಜಾಗ ಬಿಲ್ಡರ್ ಕೈಗೆ ಹೋಗಿದೆ, ಮಳೆಗಾಲದೊಳಗೆ ಬಿಟ್ಟುಕೊಡಿ ಅಂತ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಾಡಿಗೆ ತಡವಾಯಿತು ಅಂತ ಯಾರ ಪಾತ್ರೆಯನ್ನೂ ಹೊರಗೆ ಹಾಕಿದವರಲ್ಲ ಅವರು. ಸರ್ಜಾಪುರ ರಸ್ತೆಯಲ್ಲಿ ಎಕರೆಗೆ ಈಗ ಏನು ರೇಟು ನಡೆದಿದೆ ಅಂತ ಎಲ್ಲರಿಗೂ ಗೊತ್ತು. ಹದಿನಾಲ್ಕು ಶೀಟ್ ಮನೆಗಳ ಬಾಡಿಗೆ ಅದರ ಮುಂದೆ ಯಾವ ಲೆಕ್ಕ?

ನಾವು ದೇವದುರ್ಗ ತಾಲ್ಲೂಕಿನವರು. ಅಪ್ಪ ಊರಲ್ಲೇ ಇದ್ದಾನೆ, ಮಳೆ ನಂಬಿದ ಎರಡೆಕರೆ ಹೊಲ ಮತ್ತು ಅಜ್ಜನ ಹೆಸರಿನಲ್ಲಿರುವ ಮಣ್ಣಿನ ಮಾಳಿಗೆ ಮನೆ ನೋಡಿಕೊಂಡು. ಅವ್ವ, ನಾನು, ತಮ್ಮ ಬೆಂಗಳೂರಿನಲ್ಲಿ. ತಮ್ಮ ಪಿಯುಸಿ ಓದುತ್ತಿದ್ದಾನೆ. ನಾನು ಬಿ.ಕಾಂ ಮುಗಿಸಿ ಕೋರಮಂಗಲದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅವ್ವ ನಮ್ಮ ಶೀಟ್ ಮನೆಯ ಎದುರಿನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆಗಳಿಗೆ ಅಡುಗೆ ಮಾಡುತ್ತಾಳೆ. ನಾಲ್ಕೂ ಸೇರಿ ತಿಂಗಳಿಗೆ 19,000.

ಶೀಟ್ ಮನೆ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆ. ಗೋಡೆ ಹಾಲೋ ಬ್ಲಾಕ್, ಮೇಲೆ ಶೀಟು. ಇಡೀ ಸಾಲಿಗೆ ಮೂರು ಕಕ್ಕಸು. ನೀರು ಟ್ಯಾಂಕರಿನದು. ಬಾಡಿಗೆ 5,500, ಅಡ್ವಾನ್ಸ್ 20,000. ಏಪ್ರಿಲ್ ಮಧ್ಯಾಹ್ನ ಒಳಗೆ ಕೂರೋಕೆ ಆಗಲ್ಲ, ಜೋರು ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ. ಇದನ್ನು ಉಳಿಸಿಕೊಡಿ ಅಂತ ನಾನು ಯಾರನ್ನೂ ಕೇಳುತ್ತಿಲ್ಲ. ಆದರೆ ಅದರಲ್ಲಿ ಒಂದು ಅನುಕೂಲ ಇತ್ತು. ಆ ಅನುಕೂಲದ ಬೆಲೆ ಎಷ್ಟು ಅಂತ ಮನೆ ಹುಡುಕಲು ಹೊರಟ ಮೇಲೆ ಗೊತ್ತಾಯಿತು.

ಅದು ಅವ್ವನ ಮಧ್ಯಾಹ್ನ. ಮನೆಗೆಲಸದವರ ದಿನ ಆಫೀಸಿನವರ ದಿನದ ಹಾಗೆ ಒಂದೇ ಸಮನೆ ಇರಲ್ಲ, ಎರಡು ತುಂಡಾಗಿ ಇರುತ್ತದೆ. ಬೆಳಿಗ್ಗೆ ಆರೂವರೆಗೆ ಮೊದಲ ಮನೆಯ ತಿಂಡಿ ಮತ್ತು ಡಬ್ಬಿ, ಹನ್ನೊಂದೂವರೆಗೆ ಕೊನೆ ಮನೆಯ ಸಾರು ಪಲ್ಯ ಮುಗಿಯುತ್ತದೆ. ಆಮೇಲೆ ಸಂಜೆ ನಾಲ್ಕೂವರೆಯಿಂದ ಎಂಟರ ತನಕ ಚಪಾತಿ ಮತ್ತು ರಾತ್ರಿ ಅಡುಗೆ. ನಡುವಿನ ಐದು ಗಂಟೆಯಲ್ಲಿ ಅವ್ವ ಮನೆಗೆ ಬಂದು ನಮಗೆ ಅಡುಗೆ ಮಾಡಿ, ಬಟ್ಟೆ ಒಗೆದು, ಟ್ಯಾಂಕರ್ ಬಂದರೆ ನೀರು ಹಿಡಿದು, ಒಂದು ಗಂಟೆ ಮಲಗುತ್ತಿದ್ದಳು. ಮನೆ ದೂರ ಆದರೆ ಈ ಐದು ಗಂಟೆ ಇಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಲ್ಲೋ ಗೋಡೆಗೆ ಒರಗಿ ಕೂತು ಕಳೆಯಬೇಕು. ಅಥವಾ ದಿನಕ್ಕೆ ಎರಡು ಸಲ ಹೋಗಿ ಬರಬೇಕು.

ಮೊದಲು ಹತ್ತಿರದಲ್ಲೇ ಹುಡುಕಿದೆವು. ಕಸವನಹಳ್ಳಿ, ಹರಳೂರು, ಕೈಕೊಂಡ್ರಹಳ್ಳಿ, ದೊಡ್ಡಕನ್ನೆಲ್ಲಿ. ಇವೆಲ್ಲ ಹಳೆ ಊರುಗಳೇ. ಮುಖ್ಯರಸ್ತೆಯ ಗಾಜಿನ ಕಟ್ಟಡಗಳನ್ನು ದಾಟಿ ಒಳಗೆ ಹೋದರೆ ಇವತ್ತಿಗೂ ದೇವಸ್ಥಾನ, ಅರಳಿಕಟ್ಟೆ, ಸಣ್ಣ ಗಲ್ಲಿ ಇವೆ. ಗಲ್ಲಿಯೊಳಗೆ ಒಂದರ ಮೇಲೊಂದು ಕಟ್ಟಿದ ಬಾಡಿಗೆ ಮನೆಗಳು. ಒಂದು ಕೋಣೆ, ಒಂದು ಅಡುಗೆಮನೆ, ಒಳಗೇ ಬಚ್ಚಲು ಇರುವ ಮನೆಗೆ ಎಂಟು ಸಾವಿರದಿಂದ ಹನ್ನೊಂದು ಸಾವಿರ. ಬಾಡಿಗೆ ಹೇಗೋ ಕಟ್ಟಬಹುದು, ನನ್ನ ಸಂಬಳವೂ ಇದೆ. ಆದರೆ ಅಡ್ವಾನ್ಸ್? ಬೆಂಗಳೂರಿನ ಹಳೆ ಪದ್ಧತಿ ಹತ್ತು ತಿಂಗಳದು. ಒಂಬತ್ತು ಸಾವಿರದ ಮನೆಗೆ ತೊಂಬತ್ತು ಸಾವಿರ ಒಂದೇ ಕಂತಿನಲ್ಲಿ ಕೈಮೇಲೆ ಇಡಬೇಕು. ಬಾಡಿಗೆ ಜಾಸ್ತಿ ಆಯಿತು ಅಂತ ಮಾತಾಡುವವರು ಅಡ್ವಾನ್ಸ್ ಬಗ್ಗೆ ಯಾಕೋ ಮಾತಾಡಲ್ಲ. ತಿಂಗಳ ಸಂಬಳ ತಿಂಗಳಿಗೇ ಮುಗಿಯುವ ಮನೆಗಳನ್ನು ಹೊರಗೆ ನಿಲ್ಲಿಸುವುದು ಬಾಡಿಗೆ ಅಲ್ಲ, ಈ ಅಡ್ವಾನ್ಸ್.

ಪ್ರಶ್ನೆಗಳೂ ಇದ್ದವು. ಯಾವ ಕಡೆಯವರು, ಎಷ್ಟು ಜನ, ನಾನ್‌ವೆಜ್ ಮಾಡ್ತೀರಾ, ಊರಿಂದ ನೆಂಟರು ಬರ್ತಾರಾ. ನಾನು ಆಡಿಟರ್ ಆಫೀಸು ಅಂದಾಗ ಮುಖ ಅರಳುತ್ತಿತ್ತು. ಅವ್ವನ ಕೆಲಸ ಕೇಳಿದ ಮೇಲೆ, ‘ಬೇರೆಯವರು ಆಗಲೇ ಟೋಕನ್ ಅಡ್ವಾನ್ಸ್ ಕೊಟ್ಟಿದ್ದಾರಮ್ಮ’ ಅಂತ ನೆನಪಾಗುತ್ತಿತ್ತು. ಒಬ್ಬ ಓನರಮ್ಮ ಮಾತ್ರ ನೇರ ಹೇಳಿದರು: ‘ಕಂಪನಿಯವರಾದರೆ ಎರಡು ಸಾವಿರ ಜಾಸ್ತಿ ಕೊಡ್ತಾರೆ, ನಾನ್ಯಾಕೆ ಬಿಡಲಿ?’ ಅವರ ಮಾತು ನನಗೆ ಇಷ್ಟವಾಯಿತು, ಸುತ್ತಿ ಬಳಸಿ ಹೇಳಲಿಲ್ಲ.

ಅವ್ವ ಕೆಲಸ ಮಾಡುವ ಒಂದು ಮನೆಯಲ್ಲಿ ಶಿವಮೊಗ್ಗ ಕಡೆಯ ನಿವೃತ್ತ ದಂಪತಿ ಇದ್ದಾರೆ. ಅವ್ವ ಆ ಅಮ್ಮನನ್ನು ‘ಅಮ್ಮಾರ’ ಅಂತಾಳೆ, ಅವರೂ ಅವ್ವನಿಗೆ ‘ನೀವು’ ಅಂತಲೇ ಮಾತಾಡಿಸುತ್ತಾರೆ. ಅವರು, ‘ಬಾಡಿಗೆ ಯಾಕೆ, ಸರ್ಕಾರದ ಬಹುಮಹಡಿ ಮನೆಗೆ ಅರ್ಜಿ ಹಾಕಿ. ಮಗಳು ಓದಿದ್ದಾಳಲ್ಲ’ ಅಂದರು. ಸರಿ ಅಂತ ನಾನು ಕೂತು ಓದಿದೆ.

ಇಲ್ಲಿ ನನ್ನ ಆಫೀಸಿನ ಮಾತು ಒಂದು ಹೇಳಬೇಕು. ನಾವು ಬಿಲ್ಡರ್‌ಗಳ ಜಿಎಸ್‌ಟಿ ಲೆಕ್ಕ ಮಾಡುತ್ತೇವೆ. 2019ರ ಏಪ್ರಿಲ್‌ನಲ್ಲಿ ಬಂದ ನಿಯಮದ ಪ್ರಕಾರ 45 ಲಕ್ಷ ರೂಪಾಯಿವರೆಗಿನ ಫ್ಲ್ಯಾಟು, ಬೆಂಗಳೂರಿನಂಥ ಮಹಾನಗರದಲ್ಲಿ 60 ಚದರ ಮೀಟರ್ ಕಾರ್ಪೆಟ್ ಏರಿಯಾ (ಮನೆಯ ಗೋಡೆಗಳೊಳಗೆ ಬಳಸಲು ಸಿಗುವ ಜಾಗ) ದಾಟದಿದ್ದರೆ, ಅದು ಕೈಗೆಟುಕುವ ಮನೆ. ತೆರಿಗೆ ಶೇ 1 ಮಾತ್ರ. ಅವ್ವ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಸಂಬಳ ಕೂಡಿಟ್ಟರೆ 45 ಲಕ್ಷ ಆಗಲು ಸುಮಾರು ಇಪ್ಪತ್ತು ವರ್ಷ ಬೇಕು. ದೇಶದ ನಗರಗಳಲ್ಲಿ 1.88 ಕೋಟಿಯಷ್ಟು ಮನೆಗಳ ಕೊರತೆ ಇದೆ ಅಂತ 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ತಂಡವೇ ಲೆಕ್ಕ ಹಾಕಿತ್ತು. ಅದರಲ್ಲಿ ಶೇ 95ಕ್ಕಿಂತ ಜಾಸ್ತಿ ಬಡವರು ಮತ್ತು ಕಡಿಮೆ ಆದಾಯದವರದು. ಇವರಲ್ಲಿ 45 ಲಕ್ಷದ ಮನೆ ಕೊಳ್ಳುವವರು ಯಾರು ಅಂತ ಆಫೀಸಿನಲ್ಲಿ ಕೇಳಿದೆ. ‘ರಿಟರ್ನ್ ಫೈಲ್ ಮಾಡಮ್ಮ’ ಅಂದರು ನಮ್ಮ ಸರ್.

ಬಡವರಿಗೆ ಅಂತಲೇ ಇರುವುದು ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ, 2015ರಲ್ಲಿ ಶುರುವಾದದ್ದು. ಕುಟುಂಬದ ವರ್ಷದ ಆದಾಯ 3 ಲಕ್ಷದೊಳಗಿರಬೇಕು. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. 2015ರ ನಿಯಮದಲ್ಲಿ ಮನೆ 30 ಚದರ ಮೀಟರ್‌ವರೆಗೆ, ಅಂದರೆ ಸುಮಾರು 320 ಚದರಡಿ. ಸಹಭಾಗಿತ್ವದಲ್ಲಿ ಕಟ್ಟುವ ಬಹುಮಹಡಿ ಮನೆಗೆ ಕೇಂದ್ರದ ಪಾಲು ಒಂದೂವರೆ ಲಕ್ಷ, ಅದರ ಮೇಲೆ ರಾಜ್ಯದ ಪಾಲು. ಮನೆ ಹೆಂಗಸಿನ ಹೆಸರಲ್ಲಿ ಅಥವಾ ಜಂಟಿಯಾಗಿ ಆಗಬೇಕು. ಇದು ಒಳ್ಳೆಯದೇ.

ಸರ್ಕಾರಿ ಮನೆ ಅಂದ ಕೂಡಲೇ ನಮ್ಮ ಸಾಲಿನ ಅಜ್ಜಿಯೊಬ್ಬರು ನಕ್ಕರು. ಅವರು ಈಜಿಪುರದ ಇಡಬ್ಲ್ಯುಎಸ್ ಕ್ವಾರ್ಟರ್ಸಿನಲ್ಲಿ ಇದ್ದವರು. ಬಡವರಿಗೆ ಅಂತಲೇ ಕಟ್ಟಿದ ಮನೆಗಳು ಅವು. ಕೆಲವು ಕುಸಿದವು, ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಉಳಿದರು. 2013ರ ಜನವರಿಯಲ್ಲಿ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು ತೆರವು ಮಾಡಿದರು. ಪಕ್ಕದಲ್ಲೇ ಕೋರಮಂಗಲ, ನ್ಯಾಷನಲ್ ಗೇಮ್ಸ್ ವಿಲೇಜ್. ಅಲ್ಲಿನ ಮನೆಗಳ ಪಾತ್ರೆ ತೊಳೆಯುತ್ತಿದ್ದವರು ಇವರೇ. ‘ಮನೆ ಹೋಯ್ತು, ಕೆಲಸದ ಮನೆಗಳು ಹೋಗ್ಲಿಲ್ಲ. ಅದಕ್ಕೇ ಇಲ್ಲೇ ಸುತ್ತಮುತ್ತ ಸೇರ್ಕೊಂಡ್ವಿ’ ಅಂದರು ಅಜ್ಜಿ. ಆ ಮಾತು ಆಗ ಸುಮ್ನೆ ಕೇಳಿಸಿಕೊಂಡೆ.

ಇನ್ನು ದಾಖಲೆಗಳು. ಇಲ್ಲಿ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ‘ಯೋಜನೆ ಇದೆಯಲ್ಲ, ಅರ್ಜಿ ಹಾಕಬೇಕಷ್ಟೆ’ ಅನ್ನುವವರು ಈ ಭಾಗವನ್ನು ನೋಡಿರಲ್ಲ.

ಆಧಾರ್ ಊರಿನ ವಿಳಾಸದಲ್ಲಿ. ಪಡಿತರ ಚೀಟಿಯೂ ಊರಿನದೇ. ಬೆಂಗಳೂರಲ್ಲೇ ವಾಸ ಅಂತ ತೋರಿಸಲು ಬಾಡಿಗೆ ಕರಾರು ಬೇಕು. ಶೀಟ್ ಮನೆಗೆ ಕರಾರು ಯಾರು ಬರೆದುಕೊಡುತ್ತಾರೆ? ಓನರಿಗೆ ಆ ಸಾಲು ಕಾಗದದ ಮೇಲೆ ಇಲ್ಲವೇ ಇಲ್ಲ. ಕರೆಂಟ್ ಬಿಲ್ಲು ಅವರ ಹೆಸರಲ್ಲಿ ಒಂದೇ. ಗ್ಯಾಸು ಐದು ಕೆಜಿಯ ಸಣ್ಣ ಸಿಲಿಂಡರ್. ಹಾಗಾಗಿ ಇಷ್ಟು ವರ್ಷ ಬೆಂಗಳೂರಲ್ಲಿ ಇದ್ದರೂ ನಾವು ಇಲ್ಲಿದ್ದೇವೆ ಅನ್ನುವುದಕ್ಕೆ ನಮ್ಮ ಹತ್ತಿರ ಇದ್ದದ್ದು ತಮ್ಮನ ಶಾಲೆಯ ಟಿ.ಸಿ. ಒಂದೇ.

ಆಧಾರ್ ವಿಳಾಸ ಬದಲಿಸಲು ಇನ್ನೊಂದು ದಾರಿ ಇದೆ. ಗೆಜೆಟೆಡ್ ಅಧಿಕಾರಿ ಫೋಟೊ ಮೇಲೆ ಸಹಿ, ಸೀಲು ಹಾಕಿಕೊಡುವ ಒಂದು ನಮೂನೆ. ಅಮ್ಮಾರ ತಂಗಿ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಅವರು ನಮ್ಮ ಶೀಟ್ ಮನೆಗೇ ಬಂದು ನೋಡಿ ಸಹಿ ಹಾಕಿದರು. ಅಮ್ಮಾರಿಗೆ ಅಂಥ ತಂಗಿ ಇಲ್ಲದಿದ್ದರೆ ನಮ್ಮ ಅರ್ಜಿ ಅಲ್ಲಿಗೇ ನಿಲ್ಲುತ್ತಿತ್ತು. ಉಳಿದ ಹದಿಮೂರು ಮನೆಯವರ ಅರ್ಜಿ ಹಾಗೇ ನಿಂತಿದೆ.

ಪಡಿತರ ಚೀಟಿ ವರ್ಗ ಮಾಡಿಸಲು ಅವ್ವ ಒಪ್ಪಲಿಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದೆ. ಚೀಟಿ ಮುಟ್ಟಿದರೆ ಅದು ನಿಂತುಹೋಗುತ್ತದೆ ಅಂತ ಅವಳ ಭಯ. ಹಾಗೇನೂ ಆಗಲ್ಲ ಅಂತ ನಾನು ಎಷ್ಟು ಹೇಳಿದರೂ, ‘ನಿಂದ್ರಿಸಿದ್ರ ಮತ್ತ ಚಾಲೂ ಮಾಡ್ಸಾಕ ನೀ ತಿರುಗ್ತೀಯೇನು?’ ಅಂದಳು. ಕಾಗದದ ವಿಷಯದಲ್ಲಿ ಅವ್ವನಿಗೆ ಭಯ ಸುಮ್ನೆ ಬಂದದ್ದಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶದವರು ಅಂತ ಅನುಮಾನ ಹಬ್ಬಿ ಜೋಪಡಿಗಳನ್ನು ಕೆಡವಿದರು. ಅದರಲ್ಲಿ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ವಿಷಯ ಹೈಕೋರ್ಟಿಗೂ ಹೋಯಿತು. ಅವತ್ತಿನಿಂದ ಅವ್ವ ಎಲ್ಲ ಕಾಗದಗಳನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೊ ಹಿಂದೆ ಇಟ್ಟಿದ್ದಾಳೆ.

ಆದಾಯ ಪ್ರಮಾಣಪತ್ರ ಸುಲಭವಾಗಿ ಸಿಕ್ಕಿತು. ಬೆಂಗಳೂರು ಒನ್‌ನಲ್ಲಿ ಅರ್ಜಿ, ಊರಿನ ಗ್ರಾಮ ಆಡಳಿತ ಅಧಿಕಾರಿಯ ಫೋನು, ಆಮೇಲೆ ಆರ್‌ಡಿ ಸಂಖ್ಯೆ ಇರುವ ಪತ್ರ. ಎಲ್ಲರೂ ಬೈಯುವ ನಾಡಕಚೇರಿ ನಮಗೆ ತೊಂದರೆ ಕೊಡಲಿಲ್ಲ ಅಂತಲೂ ಹೇಳಬೇಕಲ್ವಾ.

ನಿಜವಾದ ತಮಾಷೆ ಬ್ಯಾಂಕಿನಲ್ಲಿ. ಎಲ್ಲ ಸಬ್ಸಿಡಿ ಕಳೆದ ಮೇಲೂ ನಾವು ಕಟ್ಟಬೇಕಾದದ್ದು ಏಳು ಲಕ್ಷದ ಹತ್ತಿರ ಅಂತ ನಮಗೆ ಲೆಕ್ಕ ಹೇಳಿದ್ದರು. ಒಂದು ಲಕ್ಷ ಹೇಗೋ ಕೂಡಿಸಿದರೂ ಆರು ಲಕ್ಷ ಸಾಲ. ಶೇ 9 ಬಡ್ಡಿಗೆ ಇಪ್ಪತ್ತು ವರ್ಷ ಅಂದರೆ ತಿಂಗಳ ಕಂತು ಸುಮಾರು 5,400. ಶೀಟ್ ಮನೆಯ ಬಾಡಿಗೆಗಿಂತ ನೂರು ರೂಪಾಯಿ ಕಮ್ಮಿ! ಆ ಹಾಳೆಯನ್ನು ಅವ್ವನಿಗೆ ತೋರಿಸಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ನಂಬದಿದ್ದದ್ದೇ ಒಳ್ಳೆಯದಾಯಿತು. ಬ್ಯಾಂಕಿನವರು ಅವ್ವನ ವಯಸ್ಸು ನೋಡಿದರು, 47. ಇಪ್ಪತ್ತು ವರ್ಷದ ಸಾಲ ಕೊಡಲ್ಲ. ಸಂಬಳದ ಚೀಟಿ ಕೇಳಿದರು. ನಾಲ್ಕು ಮನೆಯವರಲ್ಲಿ ಇಬ್ಬರು ಫೋನಿನಲ್ಲಿ ಹಣ ಹಾಕುತ್ತಾರೆ, ಇಬ್ಬರು ಕೈಗೆ ಕೊಡುತ್ತಾರೆ. ಕೈಗೆ ಕೊಟ್ಟದ್ದು ಬ್ಯಾಂಕಿನ ಲೆಕ್ಕಕ್ಕೆ ಆದಾಯವೇ ಅಲ್ಲ.

ಹಾಗಾದರೆ ಮಗಳನ್ನು ಜೊತೆಗೆ ಸಾಲಗಾರಳಾಗಿ ಸೇರಿಸಿ ಅಂದರು. ನನ್ನ ಸಂಬಳ ತಿಂಗಳಿಗೆ 22,000, ಚೀಟಿ ಇದೆ. ಆದರೆ ನಮ್ಮಿಬ್ಬರ ಆದಾಯ ಕೂಡಿಸಿದರೆ ವರ್ಷಕ್ಕೆ 3 ಲಕ್ಷ ದಾಟುತ್ತದೆ, ಮನೆಗೆ ಅರ್ಹತೆ ಇಲ್ಲ. ವಯಸ್ಸಿಗೆ ಬಂದು ಸಂಪಾದಿಸುತ್ತಿರುವ ಮಕ್ಕಳನ್ನು ಬೇರೆ ಕುಟುಂಬ ಅಂತ ಪರಿಗಣಿಸಲು ಯೋಜನೆಯ ನಿಯಮದಲ್ಲೇ ಅವಕಾಶ ಇತ್ತು, ಅದನ್ನು ಹಿಡಿದುಕೊಂಡು ಅರ್ಜಿಯಲ್ಲಿ ನಾನು ಬೇರೆಯಾದೆ. ಅಂದರೆ ಒಂದು ಟೇಬಲ್ಲಿಗೆ ನಾನು ಅವ್ವನ ಕುಟುಂಬದವಳಲ್ಲ, ಇನ್ನೊಂದು ಟೇಬಲ್ಲಿಗೆ ನಾನಿಲ್ಲದೆ ಅವ್ವನಿಗೆ ಸಾಲ ಇಲ್ಲ. ಎರಡೂ ಕಾಗದಕ್ಕೆ ಒಂದೇ ದಿನ ಸಹಿ ಹಾಕಿದೆ. ಎರಡೂ ಕಾನೂನಿನ ಪ್ರಕಾರ ಸರಿ ಅಂತ ನಮ್ಮ ಸರ್ ಹೇಳಿದ್ದರು. ಆದರೂ ಪೆನ್ನು ಹಿಡಿದಾಗ ನಗು ಬಂತು. ಬ್ಯಾಂಕು ಇನ್ನೂ ಹೌದು ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ.

ಮನೆ ಹೇಗಿರುತ್ತದೆ ನೋಡೋಣ ಅಂತ ಒಂದು ಭಾನುವಾರ ಆನೇಕಲ್ ಕಡೆಯ ಒಂದು ಕಟ್ಟಡಕ್ಕೆ ಹೋದೆವು. ಮನೆ ಚೆನ್ನಾಗಿತ್ತು. ಒಂದು ಹಾಲ್, ಒಂದು ರೂಮು, ಅಡುಗೆಮನೆ, ನಮ್ಮದೇ ಕಕ್ಕಸು. ಅವ್ವ ಎಲ್ಲ ಕಿಟಕಿ ತೆಗೆದು ಹಾಕಿ ನೋಡಿದಳು. ಆಮೇಲೆ ಹೊರಗೆ ಬಂದು ಸುತ್ತ ನೋಡಿ ವಾಚ್‌ಮನ್ ಅಣ್ಣನಿಗೆ, ‘ಇಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಎಲ್ಲಿ ಅದಾವ್ರಿ?’ ಅಂತ ಕೇಳಿದಳು. ಇಲ್ಲ ಅಂದರು ಅವರು, ಫ್ಯಾಕ್ಟರಿ ಇವೆ. 47ರ ಹೆಂಗಸನ್ನು ಯಾವ ಗಾರ್ಮೆಂಟ್ಸಿನಲ್ಲಿ ಹೊಸದಾಗಿ ಸೇರಿಸಿಕೊಳ್ಳುತ್ತಾರೆ? ಅಲ್ಲಿಂದ ಆರೂವರೆಗೆ ಸರ್ಜಾಪುರ ರಸ್ತೆಯ ಅಡುಗೆಮನೆಯಲ್ಲಿ ಇರಬೇಕು ಅಂದರೆ ನಾಲ್ಕೂವರೆಗೆ ಮನೆ ಬಿಡಬೇಕು, ಎರಡು ಬಸ್ಸು ಬದಲಿಸಬೇಕು. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಇಲ್ಲವಲ್ಲ ಅಂದೆ. ಅವ್ವ ಹೇಳಿದಳು: ‘ಬಸ್ಸು ಫ್ರೀ ಐತಿ ಖರೆ. ನನ್ನ ಹೊತ್ತು ಯಾರ್ ತಿರುಗಿ ಕೊಡ್ತಾರ?’

ಜಾಗ ಅಗ್ಗವಾಗಿ ಸಿಗುವ ಕಡೆ ಮನೆ ಕಟ್ಟುತ್ತಾರೆ. ಜಾಗ ಅಗ್ಗವಾಗಿ ಸಿಗುವುದು ಕೆಲಸ ಇಲ್ಲದ ಕಡೆ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಆದರೆ ಸ್ವಂತ ಮನೆ ಅನ್ನೋ ಆಸೆಗೆ ಅವ್ವ ಹೂಂ ಅಂದಿದ್ದರೆ ಮೊದಲು ಹೋಗುತ್ತಿದ್ದದ್ದು 19,000. ಅದಿಲ್ಲದೆ 5,400 ಕಟ್ಟುವುದು ಎಲ್ಲಿಂದ?

ಇಷ್ಟರಲ್ಲಿ ಅಪಾರ್ಟ್‌ಮೆಂಟಿನಲ್ಲೂ ಚರ್ಚೆ ಶುರುವಾಗಿತ್ತು. ನಮ್ಮ ಸಾಲು ಖಾಲಿಯಾದರೆ ಅಡುಗೆಯವರು, ಕಸಮುಸುರೆಯವರು, ಸೆಕ್ಯೂರಿಟಿಯವರು, ಇಸ್ತ್ರಿಯವರು ಎಲ್ಲ ಒಟ್ಟಿಗೆ ದೂರ ಹೋಗುತ್ತಾರೆ ಅಂತ ಕೆಲವರಿಗೆ ಹೊಳೆದಿತ್ತು. ಹಿಂದಿನ ವರ್ಷ ಇದೇ ಸಾಲಿನ ಮೇಲೆ ದೂರು ಕೊಟ್ಟವರೂ ಅವರಲ್ಲಿ ಇದ್ದರು. ಅಮ್ಮಾರು ಕಮಿಟಿಯಲ್ಲಿದ್ದಾರೆ. ‘ನಿಮ್ಮ ಬಗ್ಗೆ ನೀವಿಲ್ಲದೆ ಮಾತಾಡೋದು ಸರಿಯಲ್ಲ, ಬಾ’ ಅಂತ ನನ್ನನ್ನು ಸಭೆಗೆ ಕರೆದರು. ಅವ್ವ ಬರಲಿಲ್ಲ. ಅವಳಿಗೆ ಅವತ್ತು ಮೂರನೇ ಮನೆಯಲ್ಲಿ ಹುಟ್ಟುಹಬ್ಬದ ಅಡುಗೆ ಇತ್ತು.

ಕ್ಲಬ್‌ಹೌಸಿನಲ್ಲಿ ನಾನು ಅಂದುಕೊಂಡಷ್ಟು ಕೆಟ್ಟ ಮಾತು ಬರಲಿಲ್ಲ. ಒಬ್ಬರು ಹೇಳಿದ್ದು ಪೂರ್ತಿ ನಿಜ: ಸಾಲಿನ ಕೊಳಚೆ ನೀರು ಮಳೆನೀರಿನ ಕಾಲುವೆಗೆ ಹೋಗುತ್ತದೆ, ಅಲ್ಲಿಂದ ಕೆರೆಗೆ. ಹೌದು, ಹೋಗುತ್ತದೆ. ಆ ವಾಸನೆಯಲ್ಲಿ ಮಲಗುತ್ತಿದ್ದವರು ನಾವು. ಇನ್ನೊಬ್ಬರು ವೈರಿಂಗ್ ಅಪಾಯ ಅಂದರು, ಅದೂ ಸರಿ. ಆಮೇಲೆ ಪ್ರಾಪರ್ಟಿ ರೇಟು ಬಂತು. ಮಕ್ಕಳ ಸುರಕ್ಷತೆ ಬಂತು. ಅವರಿಗೆ ಒಳ್ಳೆ ಮನೆ ಸಿಗಲಿ, ಆದರೆ ನಮ್ಮ ಗೋಡೆಗೆ ಅಂಟಿಕೊಂಡು ಯಾಕೆ ಅನ್ನುವುದೂ ಬಂತು. ಬೆಳಿಗ್ಗೆ ಆರೂವರೆಗೆ ಬೆಲ್ ಒತ್ತದಿದ್ದರೆ ಅವ್ವನಿಗೆ ಫೋನು ಮಾಡುವವರು ಅವರೇ.

ಒಬ್ಬ ಮೇಡಂ, ‘ಎಲ್ಲರ ಫ್ಲ್ಯಾಟಿನಲ್ಲೂ ಸರ್ವೆಂಟ್ ರೂಮ್ ಇದೆಯಲ್ಲ’ ಅಂದರು. ಇದೆ. ಆರಡಿ ಎಂಟಡಿಯ ಕೋಣೆ, ಈಗ ಸೂಟ್‌ಕೇಸು, ಹಳೆ ಸೈಕಲ್ಲು, ಆನ್‌ಲೈನ್ ಡಬ್ಬಗಳು ತುಂಬಿವೆ. ಖಾಲಿ ಮಾಡಿಕೊಟ್ಟರೂ ಅವ್ವ ಹೋಗಲ್ಲ. ಅಲ್ಲಿ ಇದ್ದವರ ಕೆಲಸ ಎಂಟು ಗಂಟೆಗೆ ಮುಗಿಯಲ್ಲ. ರಾತ್ರಿ ಹತ್ತಕ್ಕೂ ‘ಒಂದು ಲೋಟ ಹಾಲು ಕಾಯಿಸು’ ಇರುತ್ತದೆ. ಮತ್ತೆ ನಾನು, ತಮ್ಮ ಎಲ್ಲಿ?

ನ್ಯೂಜೆರ್ಸಿಯಲ್ಲಿ ಬಹಳ ವರ್ಷ ಇದ್ದು ವಾಪಸ್ ಬಂದ ಒಬ್ಬ ಅಂಕಲ್ ಆಗ ಎದ್ದು ನಿಂತರು. ಇವರೇನು ಅಮೆರಿಕದ ಬಡಾಯಿ ಶುರು ಮಾಡ್ತಾರೋ ಅಂದುಕೊಂಡೆ. ಅವರು ಹೇಳಿದ್ದು ಮೌಂಟ್ ಲಾರೆಲ್ ಅನ್ನುವ ಊರಿನ ಕಥೆ. ಹೊಲಗದ್ದೆಗಳ ಊರು, ಫಿಲಡೆಲ್ಫಿಯಾ ಹತ್ತಿರ ಅಂತ ಸ್ಥಿತಿವಂತರ ಬಡಾವಣೆ ಆಯಿತು. ತಲೆಮಾರುಗಳಿಂದ ಅಲ್ಲೇ ಇದ್ದ ಕಪ್ಪು ಜನರಲ್ಲಿ ಕೆಲವರು ಕೋಳಿ ಶೆಡ್ಡುಗಳನ್ನೇ ಮನೆ ಮಾಡಿಕೊಂಡಿದ್ದರು. 1970ರ ಹೊತ್ತಿಗೆ ಅವರಿಗೆ 36 ಮನೆ ಕಟ್ಟಲು ಅನುಮತಿ ಕೇಳಿದರೆ ಊರು ಒಪ್ಪಲಿಲ್ಲ. ಇಲ್ಲಿ ಇರಲು ಕೈಲಾಗದವರು ಊರು ಬಿಡಬೇಕಾಗುತ್ತದೆ ಅನ್ನುವ ಅರ್ಥದಲ್ಲಿ ಮೇಯರ್ ಮಾತಾಡಿದರು. ಎಥೆಲ್ ಲಾರೆನ್ಸ್ ಎಂಬ ಹೆಂಗಸು ಮತ್ತು ಜೊತೆಯವರು ಕೋರ್ಟಿಗೆ ಹೋದರು. 1975ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಬೆಳೆಯುತ್ತಿರುವ ಪ್ರತಿ ಊರೂ ಬಡವರ ಮನೆಗಳಿಗೆ ತನ್ನ ಪಾಲಿನ ಅವಕಾಶ ಬಿಡಲೇಬೇಕು ಅಂದಿತು. ಮನೆಗಳು ಎದ್ದು ಜನ ಸೇರಿದ್ದು 2000ದಲ್ಲಿ. ಎಥೆಲ್ ಲಾರೆನ್ಸ್ 1994ರಲ್ಲೇ ತೀರಿಕೊಂಡಿದ್ದರು. ಆಮೇಲೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಗ್ಲಸ್ ಮ್ಯಾಸಿ ಮತ್ತು ಅವರ ತಂಡ ಪಕ್ಕದ ಊರುಗಳ ಜೊತೆ ಹೋಲಿಸಿ ನೋಡಿದರು. ಆ ಮನೆಗಳಿಂದ ಅಪರಾಧ ಹೆಚ್ಚಿರಲಿಲ್ಲ, ಆಸ್ತಿ ಬೆಲೆ ಬಿದ್ದಿರಲಿಲ್ಲ.

‘ನಾವು ಇವತ್ತು ಹೇಳಿದ ಒಂದೊಂದು ಮಾತನ್ನೂ ಅಲ್ಲಿ ಆಗಲೇ ಹೇಳಿಯಾಗಿದೆ’ ಅಂದರು ಅಂಕಲ್. ನನಗೆ ಕಥೆ ಹಿಡಿಸಿತು. ಆದರೆ ಮನಸ್ಸಿನಲ್ಲಿ ಲೆಕ್ಕ ಹಾಕಿದೆ, ಮೂವತ್ತು ವರ್ಷ. ನಮಗೆ ಇದ್ದದ್ದು ಮಳೆಗಾಲದ ತನಕ.

ನಮ್ಮಲ್ಲೂ ಇಂಥ ಮಾತು ಕಾಗದದಲ್ಲಿ ಇದೆ. ಹೊಸ ವಸತಿ ಯೋಜನೆಗಳಲ್ಲಿ ಶೇ 10ರಿಂದ 15ರಷ್ಟು ಜಾಗ, ಅಥವಾ ಕಟ್ಟಲು ಅವಕಾಶ ಇರುವ ಒಟ್ಟು ವಿಸ್ತೀರ್ಣದಲ್ಲಿ ಶೇ 20ರಿಂದ 25, ಬಡವರಿಗೆ ಮತ್ತು ಕಡಿಮೆ ಆದಾಯದವರಿಗೆ ಇರಲಿ ಅಂತ 2007ರ ರಾಷ್ಟ್ರೀಯ ನಗರ ವಸತಿ ನೀತಿ ಹೇಳಿತ್ತು. ಅದು ನೀತಿ, ನಡೆಸುವುದು ರಾಜ್ಯಗಳಿಗೆ ಬಿಟ್ಟದ್ದು. ಕೊರೊನಾದಲ್ಲಿ ವಲಸೆ ಕಾರ್ಮಿಕರು ನಡೆದು ಹೋದದ್ದನ್ನು ನೋಡಿದ ಮೇಲೆ, 2020ರಲ್ಲಿ, ಕಡಿಮೆ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆ ಬಂತು. 2024ರ ಆವಾಸ್ 2.0ರಲ್ಲೂ ಬಾಡಿಗೆ ಮನೆಗೆ ಪ್ರತ್ಯೇಕ ವಿಭಾಗ ಇದೆ. ಬಾಡಿಗೆ ಮನೆಯೇ ಬೇಕು ಅಂತ ಸರ್ಕಾರಕ್ಕೂ ಗೊತ್ತಿದೆ ಅಂದಂಗಾಯ್ತು. ನಮ್ಮ ಸರ್ಜಾಪುರ ರಸ್ತೆಯ ಸುತ್ತ ಅಂಥದ್ದೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ನನಗೆ ಎರಡು ನಿಮಿಷ ಮಾತಾಡಲು ಬಿಟ್ಟರು. ನಾನು ನ್ಯಾಯ, ಸಮಾನತೆ ಅಂತ ಹೋಗಲಿಲ್ಲ. ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಹೋಗಿದ್ದೆ, ಅದನ್ನೇ ಓದಿದೆ. ಹತ್ತಿರದ ಹಳ್ಳಿಯಲ್ಲಿ ಬಾಡಿಗೆ ಒಂಬತ್ತು ಸಾವಿರ, ಅದು ನಮ್ಮ ಜವಾಬ್ದಾರಿ. ಅಡ್ವಾನ್ಸ್ ತೊಂಬತ್ತು ಸಾವಿರ, ಅದು ಆಗಲ್ಲ. ಅಸೋಸಿಯೇಷನ್ನಿನ ನಿಧಿಯಿಂದ ಅಡ್ವಾನ್ಸನ್ನು ನೇರ ಓನರಿಗೇ ಕೊಡಿ, ರಸೀದಿ ನಿಮ್ಮ ಹೆಸರಲ್ಲೇ ಇರಲಿ, ಮನೆ ಬಿಟ್ಟ ದಿನ ದುಡ್ಡು ನಿಮಗೇ ವಾಪಸ್. ಹದಿನಾಲ್ಕು ಮನೆಗೆ 12.6 ಲಕ್ಷ. ಸ್ವಿಮ್ಮಿಂಗ್ ಪೂಲಿನ ಟೈಲ್ಸ್ ಬದಲಿಸಲು ಎತ್ತಿಟ್ಟ ದುಡ್ಡು ಅದಕ್ಕಿಂತ ಜಾಸ್ತಿ ಅಂತ ಅಮ್ಮಾರು ಮೊದಲೇ ಹೇಳಿದ್ದರು. ಅದನ್ನು ನಾನು ಓದಲಿಲ್ಲ, ಅವರೇ ಆಮೇಲೆ ಎತ್ತಿದರು.

ಒಪ್ಪಲಿಲ್ಲ. ಬೈಲಾದಲ್ಲಿ ಅವಕಾಶ ಇಲ್ಲ ಅಂದರು. ಅದೂ ಇರಬಹುದು. ಆದರೆ ಸಭೆ ಮುಗಿದ ಮೇಲೆ ಕೆಲವರು ಬಂದು, ‘ನಮ್ಮ ಮನೆಯವರದ್ದು ನಾವು ನೋಡ್ಕೋತೀವಿ’ ಅಂದರು. ಅವ್ವನ ನಾಲ್ಕು ಮನೆಗಳಲ್ಲಿ ಮೂರು ಮನೆಯವರು ಹದಿನೈದು ಸಾವಿರದಂತೆ ಕೊಟ್ಟರು, ತಿಂಗಳಿಗೆ ಸಾವಿರ ಹಿಡಿಯುವ ಮಾತಿನ ಮೇಲೆ. ನಾಲ್ಕನೆಯವರು ಹಳೆ ಫ್ರಿಜ್ ಕೊಟ್ಟರು. ನಮ್ಮ ಸಾಲಿನ ಅರ್ಧದಷ್ಟು ಕುಟುಂಬಗಳಿಗೆ ಹೀಗೆ ಏನೋ ಒಂದು ಆಯಿತು. ಸೆಕ್ಯೂರಿಟಿಯವರಿಗೂ ಹೌಸ್‌ಕೀಪಿಂಗಿನವರಿಗೂ ಆಗಲಿಲ್ಲ, ಯಾಕೆಂದರೆ ಅವರು ಯಾರ ಮನೆಯವರೂ ಅಲ್ಲ, ಏಜೆನ್ಸಿಯವರು. ಅವರು ಗುಂಜೂರು ದಾಟಿ ಎಲ್ಲೋ ಹೋದರು. ಈಜಿಪುರದ ಅಜ್ಜಿ ಮಗಳ ಮನೆಗೆ ಹೋದರು.

ನಮಗೆ ಮನೆ ಸಿಕ್ಕಿದ್ದು ಹಾಲನಾಯಕನಹಳ್ಳಿಯ ಒಂದು ಗಲ್ಲಿಯಲ್ಲಿ. ಬಾಡಿಗೆ 9,000, ಅಡ್ವಾನ್ಸ್ ಚೌಕಾಸಿ ಮಾಡಿ 70,000. ಕರಾರು ಹನ್ನೊಂದು ತಿಂಗಳದು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದಲ್ಲ, ಅದಕ್ಕೆ ಎಲ್ಲರೂ ಹನ್ನೊಂದೇ ಬರೆಸುತ್ತಾರೆ. ಅಪಾರ್ಟ್‌ಮೆಂಟಿಗೆ ನಡೆದು ಹೋಗಲು ಇಪ್ಪತ್ತೈದು ನಿಮಿಷ. ಅವ್ವ ಆರೂವರೆಯ ಮನೆಯವರಿಗೆ, ಇನ್ನು ಮೇಲೆ ಏಳಕ್ಕೆ ಬರುತ್ತೇನೆ ಅಂದಳು. ಅವರು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು ಈಗ ಸುಮ್ಮನಾಗಿದ್ದಾರೆ. ಮಧ್ಯಾಹ್ನ ಮನೆಗೆ ಬರುತ್ತಾಳೆ, ನಿದ್ದೆ ಅರ್ಧ ಗಂಟೆಗೆ ಇಳಿದಿದೆ.

ಹಳೆ ಸಾಲು ಕೆಡವಿದ ತಿಂಗಳಿಗೇ ಅದೇ ಜಾಗದಲ್ಲಿ ನೀಲಿ ತಗಡಿನ ಶೆಡ್ಡುಗಳು ಎದ್ದವು. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದ ಹತ್ತಿರ ಉಚಿತವಾಗಿ ತಾತ್ಕಾಲಿಕ ವಸತಿ ಕೊಡಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು, ಬಿಲ್ಡರ್ ಕೊಟ್ಟಿದ್ದಾನೆ. ಅಪಾರ್ಟ್‌ಮೆಂಟಿನಿಂದ ಈ ಸಲ ದೂರು ಹೋಗಿಲ್ಲ. ಕೆಲಸ ಮುಗಿದ ಮೇಲೆ ಇವರು ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅಡುಗೆಯವರಿಗೆ, ಕಸಮುಸುರೆಯವರಿಗೆ ಅಂಥ ಸಾಲು ಯಾವ ಕಾಯ್ದೆಯಲ್ಲಿದೆ ಅಂತ ನಾನು ಹುಡುಕಿ ನೋಡಿದೆ. ಮನೆಗೆಲಸದವರಿಗೆ ಕನಿಷ್ಠ ವೇತನ 2004ರಲ್ಲೇ ನಮ್ಮ ರಾಜ್ಯ ನಿಗದಿ ಮಾಡಿದೆ. ಅವರು ಎಲ್ಲಿ ಇರಬೇಕು ಅನ್ನುವುದು ಅದರಲ್ಲಿ ಬರಲ್ಲ.

ಬಹುಮಹಡಿ ಮನೆಯ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಬಂದರೆ ಏನು ಮಾಡೋದು ಅಂತ ಅವ್ವನ ಹತ್ತಿರ ಕೇಳಿದ್ದೆ. ತಮ್ಮನಿಗೆ ಆ ಕಡೆ ಕೆಲಸ ಸಿಕ್ಕರೆ ಅವನು ಇರಲಿ ಅಂದಳು. ಸದ್ಯಕ್ಕೆ ಹನ್ನೊಂದು ತಿಂಗಳು ಮುಗಿದ ಮೇಲೆ ಈ ಓನರ್ ಬಾಡಿಗೆ ಎಷ್ಟು ಏರಿಸುತ್ತಾರೆ ಅನ್ನುವುದು ನಮ್ಮ ಚಿಂತೆ. ಅಡ್ವಾನ್ಸ್ ವಿಷಯವನ್ನು ಮುಂದಿನ ವಾರ್ಷಿಕ ಸಭೆಯಲ್ಲಿ ಮತ್ತೆ ತರುತ್ತೇನೆ, ಬೈಲಾ ತಿದ್ದಬಹುದು ಅಂತ ಅಮ್ಮಾರು ಹೇಳಿದ್ದಾರೆ. ಈ ಸಲ ಏಜೆನ್ಸಿಯವರ ಲೆಕ್ಕವನ್ನೂ ಸೇರಿಸಿ ಬರೆದುಕೊಂಡು ಬಾ ಅಂದಿದ್ದಾರೆ, ಬರೆಯುತ್ತಿದ್ದೇನೆ.